ನೆರವು ಪತ್ರ ಬಂದ ಮೇಲೂ ಹಣ ಸಾಲದಿದ್ದರೆ: ಅಮೆರಿಕದ ಕಾಲೇಜು ವೆಚ್ಚದ ಕೊರತೆ ತುಂಬಿಸುವ ಕ್ರಮ

ಪ್ರತಿ ಏಪ್ರಿಲ್‌ನಲ್ಲಿ ಇಲ್ಲಿನ ಕನ್ನಡ ಕುಟುಂಬಗಳ ಜೊತೆ ಕುಳಿತು ಕಾಲೇಜುಗಳ ನೆರವು ಪತ್ರ ಓದುತ್ತೇನೆ. ಪ್ರತಿ ವರ್ಷವೂ ಅದೇ ತಪ್ಪು ಎದುರಾಗುತ್ತದೆ. ಮಗಳಿಗೆ ಸೀಟು ಸಿಕ್ಕಿದೆ, ಸ್ಕಾಲರ್‌ಶಿಪ್ ಬಂದಿದೆ, ಇನ್ನು ಸ್ವಲ್ಪವೇ ಕಡಿಮೆ ಬೀಳುತ್ತದೆ ಎಂದುಕೊಂಡು ತಂದೆ ತಾಯಿ ಪೋರ್ಟಲ್‌ನಲ್ಲಿ ಮೊದಲು ಕಣ್ಣಿಗೆ ಬಿದ್ದ ಪೇರೆಂಟ್ ಪ್ಲಸ್ ಸಾಲಕ್ಕೆ (ತಂದೆ ತಾಯಿಯ ಹೆಸರಿನಲ್ಲಿ ಸಿಗುವ ಫೆಡರಲ್ ಸಾಲ) ಒಪ್ಪಿಗೆ ಕೊಟ್ಟುಬಿಡುತ್ತಾರೆ. ಎಲ್ಲ ದಾರಿ ಮುಗಿದ ಮೇಲೆ ಮುಟ್ಟಬೇಕಾದದ್ದನ್ನು ಮೊದಲೇ ಮುಟ್ಟಿದ್ದರಿಂದ, ಕಾಲೇಜು ತಾನಾಗಿಯೇ ಕೊಡಬಹುದಾಗಿದ್ದ ಹಣವೂ ತಪ್ಪುತ್ತದೆ, ಬಡ್ಡಿಯೂ ಬೆಳೆಯುತ್ತದೆ.

ಹಾಗಾಗಿ ಈ ಬರಹದಲ್ಲಿ ಹೆಚ್ಚು ಒತ್ತು ಕ್ರಮಕ್ಕೆ. ಮೊದಲು ಕೊರತೆಯನ್ನು ಸರಿಯಾಗಿ ಅಳೆಯಬೇಕು, ಆಮೇಲೆ ಅದನ್ನು ಇಳಿಸಬೇಕು, ಉಳಿದದ್ದನ್ನು ಮಾತ್ರ ತುಂಬಿಸಬೇಕು. ಹಂತಗಳನ್ನು ದಯವಿಟ್ಟು ಹಿಂದುಮುಂದು ಮಾಡಬೇಡಿ.

ಶುರುವಿಗೆ ಮುನ್ನ: ನಿಮ್ಮ ಮನೆಗೆ ಯಾವ ನಿಯಮ?

ಫೆಡರಲ್ ಸರ್ಕಾರದ ನೆರವಿಗೆ ನೋಡುವುದು ವಿದ್ಯಾರ್ಥಿಯ ಪೌರತ್ವವನ್ನು. ಮಗು ಅಮೆರಿಕದಲ್ಲಿ ಹುಟ್ಟಿದ್ದರೆ ಅಥವಾ ಗ್ರೀನ್ ಕಾರ್ಡ್ ಹೊಂದಿದ್ದರೆ, ತಂದೆ ತಾಯಿ ಎಚ್-1ಬಿ ವೀಸಾದಲ್ಲಿದ್ದರೂ ಅರ್ಜಿ ಹಾಕಬಹುದು. "ನಮ್ಮದೇ ವೀಸಾ, ನಮಗೆಲ್ಲಿ ಕೊಡುತ್ತಾರೆ" ಎಂದು ಫೆಡರಲ್ ನೆರವಿನ ಫಾಫ್ಸಾ ಅರ್ಜಿಯನ್ನೇ ಹಾಕದ ಮನೆಗಳನ್ನು ನೋಡಿದ್ದೇನೆ. ಅದು ನಿಜಕ್ಕೂ ಸಂಕಟದ ವಿಷಯ. ತಂದೆ ತಾಯಿ ಜಂಟಿಯಾಗಿ ತೆರಿಗೆ ಸಲ್ಲಿಸಿದ್ದರೆ ಇಬ್ಬರಲ್ಲಿ ಒಬ್ಬರು ಅರ್ಜಿಯಲ್ಲಿ ಭಾಗಿಯಾದರೆ ಸಾಕು. ಆದ್ದರಿಂದ ತಾಯಿಗೆ ಸೋಷಿಯಲ್ ಸೆಕ್ಯೂರಿಟಿ ಸಂಖ್ಯೆ ಇಲ್ಲ ಎಂಬುದು ಅಡ್ಡಿಯಾಗಬೇಕಿಲ್ಲ.

ಮಗು ಎಚ್-4 ವೀಸಾದಲ್ಲಿದ್ದರೆ (ಎಚ್-1ಬಿ ಹೊಂದಿದವರ ಅವಲಂಬಿತರ ವೀಸಾ) ಫೆಡರಲ್ ಗ್ರ್ಯಾಂಟ್, ಫೆಡರಲ್ ಸಾಲ ಎರಡೂ ಸಿಗುವುದಿಲ್ಲ. ಆಗ ಕಾಲೇಜಿನ ಸ್ವಂತ ನಿಧಿ, ಖಾಸಗಿ ಸ್ಕಾಲರ್‌ಶಿಪ್ ಮತ್ತು ರಾಜ್ಯದ ನಿವಾಸಿ ದರ (ಆ ರಾಜ್ಯದಲ್ಲಿ ನೆಲೆಸಿದವರಿಗೆ ಇರುವ ಕಡಿಮೆ ಶುಲ್ಕ) ಇವೇ ಆಸರೆ. ನಿವಾಸಿ ದರದ ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಪ್ರವೇಶ ಕಚೇರಿಗೆ ಇಮೇಲ್ ಬರೆದು ಲಿಖಿತ ಉತ್ತರ ಪಡೆಯಿರಿ. ಕೆಳಗಿನ ಹಂತಗಳಲ್ಲಿ 7 ಮತ್ತು ಪೇರೆಂಟ್ ಪ್ಲಸ್ ಭಾಗ ಬಿಟ್ಟು ಉಳಿದದ್ದು ನಿಮಗೂ ಅನ್ವಯಿಸುತ್ತದೆ.

ಕೈಗೆ ಎಟುಕುವಂತೆ ಇಟ್ಟುಕೊಳ್ಳಬೇಕಾದವು

ಪ್ರತಿ ಕಾಲೇಜಿನ ನೆರವು ಪತ್ರದ ಮುದ್ರಿತ ಪ್ರತಿ, ಕಳೆದ ಎರಡು ವರ್ಷಗಳ ತೆರಿಗೆ ಪತ್ರ ಮತ್ತು ಡಬ್ಲ್ಯೂ-2 (ಕಂಪನಿ ಕೊಡುವ ವರ್ಷದ ಸಂಬಳದ ಪತ್ರ), ಫಾಫ್ಸಾ ಸಲ್ಲಿಸಿದ ಮೇಲೆ ಬಂದ ಸಾರಾಂಶ, 529 ಖಾತೆಯ (ಶಿಕ್ಷಣಕ್ಕೆಂದೇ ಇರುವ ಉಳಿತಾಯ ಖಾತೆ) ವಿವರ, ಒಂದು ಸ್ಪ್ರೆಡ್‌ಶೀಟ್. ಎರಡು ಬಣ್ಣದ ಹೈಲೈಟರ್ ಕೂಡ ಬೇಕು. ಮೊದಲ ಹಂತದ ಕೆಲಸವೆಲ್ಲ ಅದರಿಂದಲೇ.

ಹಂತ 1: ಪತ್ರವನ್ನು ಒಡೆದು ಓದಿ

ನೆರವು ಪತ್ರದಲ್ಲಿ ನಾಲ್ಕು ಬಗೆಯ ಹಣ ಒಂದೇ ಪಟ್ಟಿಯಲ್ಲಿ ಕಲೆತಿರುತ್ತದೆ: ಗ್ರ್ಯಾಂಟ್, ಸ್ಕಾಲರ್‌ಶಿಪ್, ವರ್ಕ್-ಸ್ಟಡಿ, ಸಾಲ. ಮೊದಲೆರಡನ್ನು ಹಿಂದಿರುಗಿಸಬೇಕಿಲ್ಲ. ಅವಕ್ಕೆ ಹಸಿರು ಬಣ್ಣ ಬಳಿಯಿರಿ. ಸಾಲಕ್ಕೂ ವರ್ಕ್-ಸ್ಟಡಿಗೂ ಹಳದಿ.

ವರ್ಕ್-ಸ್ಟಡಿಗೆ ಹಳದಿ ಏಕೆಂದರೆ ಆ ಹಣ ಬಿಲ್‌ನಿಂದ ತಾನಾಗಿ ಕಳೆಯುವುದಿಲ್ಲ. ಮಗ ಕ್ಯಾಂಪಸ್‌ನಲ್ಲಿ ಕೆಲಸ ಹುಡುಕಿ, ಗಂಟೆಗಟ್ಟಲೆ ದುಡಿದ ಮೇಲೆ ಸಂಬಳವಾಗಿ ಅವನ ಕೈಗೆ ಬರುತ್ತದೆ. ಆಗಸ್ಟ್ ಬಿಲ್ ಕಟ್ಟುವಾಗ ಅದರಲ್ಲಿ ಒಂದು ಡಾಲರ್ ಕೂಡ ಇರುವುದಿಲ್ಲ.

ಒಂದು ಮಾದರಿ ಪತ್ರ ತೆಗೆದುಕೊಳ್ಳೋಣ. ವರ್ಷದ ಒಟ್ಟು ವೆಚ್ಚ: ಬೋಧನಾ ಶುಲ್ಕ ಮತ್ತು ಇತರ ಶುಲ್ಕ 41,200 ಡಾಲರ್, ವಸತಿ ಮತ್ತು ಊಟ 15,600, ಪುಸ್ತಕ 1,000, ಪ್ರಯಾಣ 1,400, ಕೈಖರ್ಚು 1,800. ಒಟ್ಟು 61,000. ಕೆಳಗೆ ನೆರವಿನ ಪಟ್ಟಿ: ಕಾಲೇಜಿನ ಸ್ಕಾಲರ್‌ಶಿಪ್ 22,000, ಕಾಲೇಜಿನ ಗ್ರ್ಯಾಂಟ್ 6,000, ವಿದ್ಯಾರ್ಥಿಯ ಫೆಡರಲ್ ಸಾಲ 5,500, ವರ್ಕ್-ಸ್ಟಡಿ 2,500, ಪೇರೆಂಟ್ ಪ್ಲಸ್ ಸಾಲ 20,000. ಒಟ್ಟು ನೆರವು 56,000. ಪತ್ರದ ಕೊನೆಯ ಸಾಲು ಹೇಳುವುದು: ನೀವು ಭರಿಸಬೇಕಾದದ್ದು 5,000.

ಈಗ ಹಸಿರು ಬಣ್ಣದ ಸಾಲುಗಳನ್ನು ಮಾತ್ರ ಕೂಡಿಸಿ. 28,000. ಅದನ್ನು 61,000ದಿಂದ ಕಳೆಯಿರಿ. 33,000. ಈ ಮನೆಯ ನಿಜವಾದ ಕೊರತೆ ಇದು. ಐದು ಸಾವಿರ ಎಂದು ನಂಬಿ ಮೇ 1ಕ್ಕೆ (ಸೇರುವುದಾಗಿ ಕಾಲೇಜಿಗೆ ತಿಳಿಸುವ ಸಾಮಾನ್ಯ ಗಡುವು) ಒಪ್ಪಿಗೆ ಕೊಟ್ಟವರಿಗೆ ಆಗಸ್ಟ್‌ನಲ್ಲಿ ಆಗುವ ಆಘಾತ ಎಂಥದ್ದೆಂದು ನಾನು ಹತ್ತಿರದಿಂದ ಬಲ್ಲೆ.

ಇದು ಎಲ್ಲೋ ಒಂದೆರಡು ಕಾಲೇಜುಗಳ ದೋಷ ಎಂದುಕೊಳ್ಳಬೇಡಿ. ಅಮೆರಿಕ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆ ಜಿಎಒ 2022ರ ವರದಿಯಲ್ಲಿ ಅಂದಾಜಿಸಿದಂತೆ, ಶೇ 91ರಷ್ಟು ಕಾಲೇಜುಗಳ ಪತ್ರಗಳಲ್ಲಿ ನಿವ್ವಳ ವೆಚ್ಚ (ಗ್ರ್ಯಾಂಟ್, ಸ್ಕಾಲರ್‌ಶಿಪ್ ಕಳೆದು ಉಳಿಯುವ ವೆಚ್ಚ) ಇರುವುದೇ ಇಲ್ಲ ಅಥವಾ ಇರುವುದಕ್ಕಿಂತ ಕಡಿಮೆ ತೋರಿಸಲಾಗಿರುತ್ತದೆ.

ಎಚ್ಚರಿಕೆಯ ಗುರುತುಗಳು: ಪತ್ರದಲ್ಲಿ ಬೋಧನಾ ಶುಲ್ಕ ಮಾತ್ರ ಇದ್ದು ವಸತಿ, ಊಟದ ಮಾತಿಲ್ಲದಿರುವುದು, ಸಾಲದ ಹೆಸರಿನಲ್ಲಿ ಸಾಲ ಎಂಬ ಪದವೇ ಇಲ್ಲದೆ ಸಂಕ್ಷಿಪ್ತ ಅಕ್ಷರಗಳಷ್ಟೇ ಇರುವುದು, ನೆರವು ಒಂದು ಸೆಮಿಸ್ಟರ್‌ಗೋ ಇಡೀ ವರ್ಷಕ್ಕೋ ಎಂದು ತಿಳಿಯದಿರುವುದು. ಯಾವುದು ಕಂಡರೂ ಫೈನಾನ್ಷಿಯಲ್ ಏಡ್ ಕಚೇರಿಗೆ ಫೋನು ಮಾಡಿ ಕೇಳಿ. ಕೇಳಿದ್ದಕ್ಕೆ ಯಾರೂ ಸೀಟು ಕಿತ್ತುಕೊಳ್ಳುವುದಿಲ್ಲ.

ಹಂತ 2: ಒಂದು ವರ್ಷದ ಲೆಕ್ಕವನ್ನು ನಾಲ್ಕು ವರ್ಷಕ್ಕೆ ಎಳೆಯಿರಿ

ಮೊದಲ ವರ್ಷ ಹೇಗೋ ನಿಭಾಯಿಸಿ, ಮೂರನೆಯ ವರ್ಷ ಕೈಚೆಲ್ಲಿದ ಕುಟುಂಬಗಳೇ ಹೆಚ್ಚು ನೊಂದಿರುವುದು. ಅಷ್ಟರಲ್ಲಿ ಓದಿ ಗಳಿಸಿದ ಕ್ರೆಡಿಟ್‌ಗಳು, ಗೆಳೆತನ, ಸಾಲ ಎಲ್ಲವೂ ಆ ಕಾಲೇಜಿಗೆ ಅಂಟಿಕೊಂಡಿರುತ್ತವೆ.

ಸ್ಕಾಲರ್‌ಶಿಪ್ ಸಾಮಾನ್ಯವಾಗಿ ಸ್ಥಿರ ಮೊತ್ತ. ಶುಲ್ಕ ವರ್ಷ ವರ್ಷ ಏರುತ್ತದೆ. ಮೇಲಿನ ಮಾದರಿಯಲ್ಲಿ ವೆಚ್ಚ ವರ್ಷಕ್ಕೆ ಶೇ 4ರಂತೆ ಏರಿದರೆ ಎಂದು ಲೆಕ್ಕ ಹಾಕಿ: 61,000, 63,440, 65,978, 68,617. ಒಟ್ಟು 2,59,035 ಡಾಲರ್. ನಾಲ್ಕು ವರ್ಷದ ಹಸಿರು ಹಣ 1,12,000. ಕೊರತೆ 1,47,035. ಮೊದಲ ವರ್ಷದ 33,000ವನ್ನು ನಾಲ್ಕರಿಂದ ಗುಣಿಸಿ ತೃಪ್ತಿಪಟ್ಟವರಿಗೆ ಹದಿನೈದು ಸಾವಿರ ಡಾಲರ್ ಲೆಕ್ಕಕ್ಕೇ ಸಿಕ್ಕಿರುವುದಿಲ್ಲ.

ಇದರ ಜೊತೆಗೆ ಕಾಲೇಜಿಗೆ ಮೂರು ಪ್ರಶ್ನೆ ಬರೆದು ಕಳುಹಿಸಿ. ಈ ಗ್ರ್ಯಾಂಟ್ ನಾಲ್ಕೂ ವರ್ಷ ಇರುತ್ತದೆಯೇ, ಮೊದಲ ವರ್ಷಕ್ಕೆ ಮಾತ್ರವೇ? ಸ್ಕಾಲರ್‌ಶಿಪ್ ಉಳಿಯಲು ಎಷ್ಟು ಜಿಪಿಎ (ಸರಾಸರಿ ಅಂಕ) ಬೇಕು, ಒಂದು ಸೆಮಿಸ್ಟರ್ ತಪ್ಪಿದರೆ ಮತ್ತೆ ಅವಕಾಶ ಇದೆಯೇ? ಮೇಜರ್ (ಓದಿನ ಮುಖ್ಯ ವಿಷಯ) ಬದಲಿಸಿದರೆ ಏನಾಗುತ್ತದೆ? ಎಂಜಿನಿಯರಿಂಗ್ ವಿದ್ಯಾರ್ಥಿಗಳ ತಂದೆ ತಾಯಿ ಎರಡನೆಯ ಪ್ರಶ್ನೆಯನ್ನು ಬಿಡಲೇಬಾರದು. ಮೊದಲ ವರ್ಷದ ಗಣಿತ, ಭೌತಶಾಸ್ತ್ರ ಪ್ರೌಢಶಾಲೆಯಲ್ಲಿ ಮೊದಲ ಸಾಲಿನಲ್ಲಿದ್ದ ಮಕ್ಕಳನ್ನೂ ಅಲುಗಾಡಿಸುತ್ತವೆ.

ಇಬ್ಬರು ಮಕ್ಕಳು ಒಟ್ಟಿಗೆ ಕಾಲೇಜಿನಲ್ಲಿರುವ ಮನೆಗಳಿಗೆ ಇನ್ನೊಂದು ಮಾತು. 2024-25ರಿಂದ ಫೆಡರಲ್ ನೆರವಿನ ಸೂತ್ರದಲ್ಲಿ ಅದಕ್ಕೆ ಮೊದಲು ಸಿಗುತ್ತಿದ್ದ ರಿಯಾಯಿತಿ ಇಲ್ಲ. ಕಿರಿಯವನು ಸೇರಿದಾಗ ಹಿರಿಯವಳ ನೆರವು ಹೆಚ್ಚುತ್ತದೆ ಎಂಬ ಹಳೆಯ ಸಲಹೆಯನ್ನು ನಂಬಿ ಯೋಜನೆ ಹಾಕಬೇಡಿ. ಕೆಲವು ಖಾಸಗಿ ಕಾಲೇಜುಗಳು ತಮ್ಮ ಸ್ವಂತ ನಿಧಿ ಹಂಚುವಾಗ ಇದನ್ನು ಈಗಲೂ ಪರಿಗಣಿಸಬಹುದು. ಕೇಳಿ ನೋಡಿ.

ಹಂತ 3: ತುಂಬಿಸುವ ಮೊದಲು ಕೊರತೆಯನ್ನು ಇಳಿಸಿ

ಆರೋಗ್ಯ ವಿಮೆಯಿಂದ ಶುರುಮಾಡಿ. ಅನೇಕ ಕಾಲೇಜುಗಳು ವಿದ್ಯಾರ್ಥಿ ವಿಮೆಯನ್ನು ತಾವಾಗಿಯೇ ಬಿಲ್‌ಗೆ ಸೇರಿಸುತ್ತವೆ. ಅದು ಸಾವಿರಾರು ಡಾಲರ್ ಆಗಬಹುದು. ನಿಮ್ಮ ಕಂಪನಿಯ ವಿಮೆಯಲ್ಲಿ ಮಗು ಇದ್ದರೆ ವಿನಾಯಿತಿ ಅರ್ಜಿ ತುಂಬಿ ಅದನ್ನು ತೆಗೆಸಬಹುದು. ಆದರೆ ಗಡುವು ಕಟ್ಟುನಿಟ್ಟು, ಮತ್ತು ಬಹಳಷ್ಟು ಕಡೆ ಪ್ರತಿ ವರ್ಷ ಹೊಸದಾಗಿ ತುಂಬಬೇಕು. ಅಲ್ಲದೆ, ಕಾಲೇಜು ಬೇರೆ ರಾಜ್ಯದಲ್ಲಿದ್ದರೆ ನಿಮ್ಮ ವಿಮೆಯಲ್ಲಿ ಅಲ್ಲಿನ ವೈದ್ಯರಿದ್ದಾರೆಯೇ ಎಂದು ಮೊದಲು ನೋಡಿ.

ಆಮೇಲೆ ಊಟ ಮತ್ತು ವಸತಿ. ಪೋರ್ಟಲ್‌ನಲ್ಲಿ ಮೊದಲೇ ಗುರುತು ಮಾಡಿಟ್ಟಿರುವ ಊಟದ ಯೋಜನೆ ಹಲವೆಡೆ ದುಬಾರಿಯದು. ಒಂದು ಮೆಟ್ಟಿಲು ಕೆಳಗಿನದನ್ನು ಆರಿಸಿ, ಒಬ್ಬರೇ ಇರುವ ಕೋಣೆಯ ಬದಲು ಇಬ್ಬರ ಕೋಣೆ ಕೇಳಿ. ಎರಡನೆಯ ವರ್ಷದಿಂದ ವಿದ್ಯಾರ್ಥಿನಿಲಯದಲ್ಲಿ ಆರ್‌ಎ ಕೆಲಸ (ಅಲ್ಲಿನ ವಿದ್ಯಾರ್ಥಿಗಳ ಮೇಲ್ವಿಚಾರಣೆ) ಸಿಕ್ಕರೆ ಕೋಣೆಯ ಬಾಡಿಗೆಯೇ ಉಳಿಯುವ ಕಾಲೇಜುಗಳಿವೆ. ಅರ್ಜಿ ಮೊದಲ ವರ್ಷದ ಚಳಿಗಾಲದಲ್ಲೇ ಕರೆಯುವುದುಂಟು, ಮಗನಿಗೆ ಆಗಲೇ ನೆನಪಿಸಿ. ಆರ್‌ಎ ಸವಲತ್ತು ಸಿಕ್ಕಿದಾಗ ಗ್ರ್ಯಾಂಟ್ ಕಡಿಮೆಯಾಗುತ್ತದೆಯೇ ಎಂದೂ ವಿಚಾರಿಸಿ.

ಎಪಿ ಪರೀಕ್ಷೆಯ (ಪ್ರೌಢಶಾಲೆಯಲ್ಲೇ ಬರೆಯುವ ಕಾಲೇಜು ಮಟ್ಟದ ಪರೀಕ್ಷೆ) ಅಂಕಗಳನ್ನು ಕಾಲೇಜಿಗೆ ಕಳುಹಿಸಿದ್ದೀರಾ? ಬೇಸಿಗೆಯಲ್ಲಿ ಸಮುದಾಯ ಕಾಲೇಜಿನಲ್ಲಿ ಒಂದೆರಡು ಸಾಮಾನ್ಯ ವಿಷಯ ಮುಗಿಸಿದರೆ ಒಂದು ಸೆಮಿಸ್ಟರ್ ಬೇಗ ಪದವಿ ಪಡೆಯುವ ದಾರಿ ತೆರೆಯಬಹುದು. ಸೇರುವ ಮೊದಲು ಆ ಕ್ರೆಡಿಟ್ ಒಪ್ಪುತ್ತೇವೆಂಬ ಮಾತನ್ನು ಇಮೇಲ್‌ನಲ್ಲಿ ಪಡೆಯಿರಿ. ಬಾಯಿಮಾತಿನ ಭರವಸೆ ರಿಜಿಸ್ಟ್ರಾರ್ ಕಚೇರಿಯ ಬಾಗಿಲು ದಾಟುವುದಿಲ್ಲ.

ಹಂತ 4: ಮರುಪರಿಶೀಲನೆ ಕೇಳಿ

ನಮ್ಮವರು ಸಂಕೋಚದಿಂದ ಬಿಟ್ಟುಬಿಡುವ ಹಂತ ಇದು. ಕೇಳುವುದೆಂದರೆ ಬೇಡುವುದು ಎಂಬ ಭಾವನೆ. ದಯವಿಟ್ಟು ಅದನ್ನು ಪಕ್ಕಕ್ಕಿಡಿ. ಕುಟುಂಬದ ವಿಶೇಷ ಪರಿಸ್ಥಿತಿಯನ್ನು ನೋಡಿ ಲೆಕ್ಕ ತಿದ್ದುವ ಅಧಿಕಾರವನ್ನು ಕಾನೂನೇ ಕಾಲೇಜಿನ ನೆರವು ಅಧಿಕಾರಿಗೆ ಕೊಟ್ಟಿದೆ. ಇಂಥ ಎಲ್ಲ ಮನವಿಗಳನ್ನೂ ಸಾರಾಸಗಟಾಗಿ ತಿರಸ್ಕರಿಸುವ ನೀತಿ ಇಟ್ಟುಕೊಳ್ಳಲು ಕಾಲೇಜಿಗೆ ಅವಕಾಶವಿಲ್ಲ. ಆದರೆ ಅಧಿಕಾರಿಯ ತೀರ್ಮಾನವೇ ಅಂತಿಮ, ಅದರ ಮೇಲೆ ಶಿಕ್ಷಣ ಇಲಾಖೆಗೆ ಹೋಗಲಾಗದು. ಹಾಗಾಗಿ ಮೊದಲ ಮನವಿಯೇ ಗಟ್ಟಿಯಾಗಿರಬೇಕು.

ಫಾಫ್ಸಾ ನೋಡುವುದು ಹಳೆಯ ಆದಾಯ. 2026-27ನೇ ಸಾಲಿಗೆ 2024ರ ತೆರಿಗೆ ಪತ್ರ. ಆ ಎರಡು ವರ್ಷಗಳ ನಡುವೆ ಕೆಲಸ ಹೋಗಿದ್ದರೆ, ಸಂಬಳ ಇಳಿದಿದ್ದರೆ, ವಿಚ್ಛೇದನವೋ ಸಾವೋ ಸಂಭವಿಸಿದ್ದರೆ, ವಿಮೆ ಭರಿಸದ ದೊಡ್ಡ ವೈದ್ಯಕೀಯ ವೆಚ್ಚ ಬಂದಿದ್ದರೆ ಕಾಲೇಜಿಗೆ ತಾನಾಗಿ ತಿಳಿಯುವುದಿಲ್ಲ.

ತಂತ್ರಜ್ಞಾನ ಕಂಪನಿಗಳಲ್ಲಿ ದುಡಿಯುವವರ ಮನೆಗಳಲ್ಲಿ ಕಣ್ಣಿಗೆ ಬೀಳದೆ ಹೋಗುವ ಒಂದು ಸಂಗತಿಯಿದೆ. 2024ರಲ್ಲಿ ಆರ್‌ಎಸ್‌ಯು ಷೇರುಗಳು (ಕಂಪನಿ ಸಂಬಳದ ಭಾಗವಾಗಿ ಕೊಡುವ ಷೇರು) ಒಟ್ಟಿಗೆ ಕೈಸೇರಿದ್ದರೆ ಅಥವಾ ಮನೆ ಕೊಳ್ಳಲೆಂದು ಷೇರು ಮಾರಿದ್ದರೆ, ಆ ವರ್ಷದ ಆದಾಯ ಬಲೂನಿನಂತೆ ಊದಿಕೊಂಡಿರುತ್ತದೆ. ಸೂತ್ರ ಅದನ್ನೇ ನಿಮ್ಮ ಪ್ರತಿ ವರ್ಷದ ಗಳಿಕೆ ಎಂದು ತಿಳಿಯುತ್ತದೆ. ಡಬ್ಲ್ಯೂ-2ಯಲ್ಲಿ ಆರ್‌ಎಸ್‌ಯು ಮೊತ್ತ ಸಂಬಳದೊಳಗೇ ಬೆರೆತಿರುವುದರಿಂದ ಅಧಿಕಾರಿಗೂ ಕಾಣದು. ಷೇರು ಖಾತೆಯ ವಿವರ ತೆಗೆದು, ಒಂದೇ ಬಾರಿ ಬಂದದ್ದೆಷ್ಟು, ಪ್ರತಿ ವರ್ಷದ ಸಂಬಳವೆಷ್ಟು ಎಂದು ಎರಡು ಸಾಲಿನಲ್ಲಿ ಬಿಡಿಸಿ ತೋರಿಸಿ.

ಊರಿನಲ್ಲಿರುವ ತಂದೆ ತಾಯಿಯ ಆಸ್ಪತ್ರೆ ಖರ್ಚನ್ನು ನೀವು ಭರಿಸುತ್ತಿದ್ದರೆ ಅದನ್ನೂ ಬರೆಯಿರಿ, ಆಸ್ಪತ್ರೆಯ ಬಿಲ್ ಮತ್ತು ಹಣ ಕಳುಹಿಸಿದ ದಾಖಲೆ ಸಮೇತ. ಎಲ್ಲ ಕಾಲೇಜುಗಳೂ ಒಪ್ಪಲೇಬೇಕೆಂದಿಲ್ಲ. ಬರೆಯದಿದ್ದರೆ ಮಾತ್ರ ಒಪ್ಪುವ ಸಾಧ್ಯತೆಯೇ ಇರುವುದಿಲ್ಲ.

ಪತ್ರ ಒಂದು ಪುಟ ಮೀರದಿರಲಿ. ಮೊದಲ ವಾಕ್ಯದಲ್ಲಿ ಕೃತಜ್ಞತೆ, ಎರಡನೆಯದರಲ್ಲಿ ಬದಲಾದ ಪರಿಸ್ಥಿತಿ, ಆಮೇಲೆ ಅಂಕಿಗಳು, ಕೊನೆಗೆ ಕೇಳುತ್ತಿರುವ ಮೊತ್ತ. "2025ರ ನವೆಂಬರ್‌ನಲ್ಲಿ ನನ್ನ ಹುದ್ದೆ ರದ್ದಾಯಿತು. 2024ರ ಆದಾಯ ಇಷ್ಟಿತ್ತು, 2026ರ ನಿರೀಕ್ಷೆ ಇಷ್ಟು. ಮಗಳು ಇಲ್ಲೇ ಸೇರಲು ವರ್ಷಕ್ಕೆ 6,000 ಡಾಲರ್ ಕಡಿಮೆ ಬೀಳುತ್ತಿದೆ." ಇಷ್ಟೇ ಸಾಕು. ಜೊತೆಗೆ ಕೆಲಸ ಕಳೆದುಕೊಂಡ ಪತ್ರ, ಇತ್ತೀಚಿನ ಸಂಬಳದ ಚೀಟಿ, ನಿರುದ್ಯೋಗ ಭತ್ಯೆಯ ದಾಖಲೆ. ಕಾಲೇಜಿನದೇ ಅರ್ಜಿ ನಮೂನೆ ಇದ್ದರೆ ಅದನ್ನು ತುಂಬಿ, ಪತ್ರವನ್ನು ಲಗತ್ತಿಸಿ.

ಹೆಚ್ಚಿನವರು ಎಡವುವುದು ಎರಡು ಕಡೆ: ಮೇ 1 ದಾಟಿದ ಮೇಲೆ ಕೇಳುವುದು, ಮತ್ತು "ಮಗಳು ತುಂಬಾ ಜಾಣೆ" ಎಂದು ಎರಡು ಪುಟ ಬರೆಯುವುದು. ಜಾಣೆ ಎಂದು ಗೊತ್ತಿದ್ದೇ ಸೀಟು ಕೊಟ್ಟಿದ್ದಾರೆ. ಇನ್ನೊಂದು ಸಮಾನ ಮಟ್ಟದ ಕಾಲೇಜು ಹೆಚ್ಚು ಸ್ಕಾಲರ್‌ಶಿಪ್ ಕೊಟ್ಟಿದ್ದರೆ ಆ ಪತ್ರವನ್ನು ಲಗತ್ತಿಸಿ ಕೇಳಬಹುದು. ಕೆಲವು ಕಾಲೇಜುಗಳು ಹೊಂದಿಸಲು ಯತ್ನಿಸುತ್ತವೆ, ಕೆಲವು ಇಲ್ಲ. ಚೌಕಾಸಿಯ ಧಾಟಿ ಮಾತ್ರ ಬೇಡ.

ಹಂತ 5: ಹೊರಗಿನ ಸ್ಕಾಲರ್‌ಶಿಪ್‌ಗಳು

ಮಗುವಿನ ಶಾಲೆಯ ಸಲಹೆಗಾರರ ಪಟ್ಟಿ, ನಿಮ್ಮ ಕಂಪನಿ ಉದ್ಯೋಗಿಗಳ ಮಕ್ಕಳಿಗೆ ಕೊಡುವ ನಿಧಿ, ನಿಮ್ಮೂರಿನ ಸಮುದಾಯ ಪ್ರತಿಷ್ಠಾನ, ಭಾಷಾ ಸಂಘಗಳು: ಈ ಕ್ರಮದಲ್ಲಿ ಹುಡುಕಿ. ದೇಶಕ್ಕೆಲ್ಲ ತೆರೆದಿರುವ ದೊಡ್ಡ ಸ್ಪರ್ಧೆಗಿಂತ ಚಿಕ್ಕ ಊರಿನ ನಿಧಿಯಲ್ಲಿ ಪೈಪೋಟಿ ಕಡಿಮೆ.

ಸಿಕ್ಕ ಹಣವನ್ನು ಕಾಲೇಜಿಗೆ ತಿಳಿಸುವುದು ಕಡ್ಡಾಯ. ಕೆಲವು ಕಾಲೇಜುಗಳು ಆಗ ತಮ್ಮ ಗ್ರ್ಯಾಂಟನ್ನು ಅಷ್ಟೇ ಕಡಿತ ಮಾಡುತ್ತವೆ. ಮಗು ಪ್ರಬಂಧ ಬರೆದು ಗೆದ್ದ 2,000 ಡಾಲರ್ ಹೀಗೆ ಕರಗುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಮೊದಲು ಸಾಲ ಮತ್ತು ವರ್ಕ್-ಸ್ಟಡಿಯಲ್ಲಿ ಕಡಿತ ಮಾಡಿ ಎಂದು ಲಿಖಿತವಾಗಿ ಕೇಳಿ. ಮೇರಿಲ್ಯಾಂಡ್ 2017ರಲ್ಲಿ ತನ್ನ ಸಾರ್ವಜನಿಕ ಕಾಲೇಜುಗಳಲ್ಲಿ ಈ ಕಡಿತಕ್ಕೆ ಕಡಿವಾಣ ಹಾಕಿತು, ಬಳಿಕ ಬೇರೆ ಕೆಲವು ರಾಜ್ಯಗಳೂ ಕಾನೂನು ಮಾಡಿದವು.

ಅರ್ಜಿಗೆ ಶುಲ್ಕ ಕೇಳುವವರು, ಸ್ಕಾಲರ್‌ಶಿಪ್ ಖಾತರಿ ಎನ್ನುವವರು, ಬ್ಯಾಂಕ್ ವಿವರ ಮೊದಲೇ ಕೇಳುವವರು ಮೋಸಗಾರರು. ಫಾಫ್ಸಾ ತುಂಬುವುದು ಉಚಿತ.

ಹಂತ 6: ಮನೆಯ ಹಣವನ್ನು ಸರಿಯಾದ ಸರದಿಯಲ್ಲಿ ತೆಗೆಯಿರಿ

529 ಖಾತೆಯ ಹಣವನ್ನು ವೆಚ್ಚ ಮಾಡಿದ ಅದೇ ಕ್ಯಾಲೆಂಡರ್ ವರ್ಷದಲ್ಲಿ ತೆಗೆಯಬೇಕು. ಡಿಸೆಂಬರ್‌ನಲ್ಲಿ ಬಿಲ್ ಕಟ್ಟಿ ಜನವರಿಯಲ್ಲಿ ಹಣ ತೆಗೆದು ತೆರಿಗೆಯ ತಲೆನೋವು ತಂದುಕೊಂಡವರು ಬಹಳ ಮಂದಿ. ಬೋಧನಾ ಶುಲ್ಕ, ಪುಸ್ತಕ, ಕಂಪ್ಯೂಟರ್, ಕಾಲೇಜು ನಿಗದಿಪಡಿಸಿದ ಮಿತಿಯೊಳಗಿನ ವಸತಿ ಮತ್ತು ಊಟ ನಡೆಯುತ್ತದೆ. ವಿಮಾನದ ಟಿಕೆಟ್, ಆರೋಗ್ಯ ವಿಮೆ ನಡೆಯುವುದಿಲ್ಲ. ಇಡೀ ಹಣವನ್ನು ಮೊದಲ ವರ್ಷವೇ ಬರಿದು ಮಾಡಬೇಡಿ.

ಜಂಟಿ ಆದಾಯ 1,60,000 ಡಾಲರ್ ಒಳಗಿದ್ದರೆ ಅಮೆರಿಕನ್ ಆಪರ್ಚುನಿಟಿ ತೆರಿಗೆ ರಿಯಾಯಿತಿ ವರ್ಷಕ್ಕೆ 2,500 ಡಾಲರ್‌ವರೆಗೆ, ನಾಲ್ಕು ವರ್ಷ ಸಿಗುತ್ತದೆ. 1,80,000 ತಲುಪಿದರೆ ಪೂರ್ತಿ ನಿಲ್ಲುತ್ತದೆ. ಇದಕ್ಕೆ ಬೋಧನಾ ಶುಲ್ಕ ಮತ್ತು ಪುಸ್ತಕದಲ್ಲಿ 4,000 ಡಾಲರ್‌ನಷ್ಟನ್ನು 529 ಮುಟ್ಟದೆ, ಸಂಬಳದಿಂದಲೋ ಸಾಲದಿಂದಲೋ ಕಟ್ಟಿರಬೇಕು. ಒಂದೇ ಖರ್ಚಿಗೆ ಎರಡು ಲಾಭ ಸಿಗದು. ಈ ಹಣ ಕೈಗೆ ಬರುವುದು ಮುಂದಿನ ವರ್ಷ ತೆರಿಗೆ ಸಲ್ಲಿಸಿದ ಮೇಲೆ. ಆಗಸ್ಟ್ ಬಿಲ್‌ನ ಲೆಕ್ಕದಲ್ಲಿ ಸೇರಿಸಬೇಡಿ.

ತಿಂಗಳ ಸಂಬಳದಿಂದ ಕಟ್ಟಬಲ್ಲವರಿಗೆ ಕಾಲೇಜಿನ ಕಂತು ಯೋಜನೆಯಷ್ಟು ಒಳ್ಳೆಯದು ಇನ್ನೊಂದಿಲ್ಲ. ಸೆಮಿಸ್ಟರ್ ಬಿಲ್ಲನ್ನು ನಾಲ್ಕೈದು ಕಂತಾಗಿ ಹಂಚುತ್ತಾರೆ, ಸಾಮಾನ್ಯವಾಗಿ ಬಡ್ಡಿ ಇರುವುದಿಲ್ಲ, ಸಣ್ಣ ನೋಂದಣಿ ಶುಲ್ಕವಷ್ಟೇ. ಕೊರತೆಯನ್ನು ಇದು ಕಡಿಮೆ ಮಾಡದು, ಕಟ್ಟುವ ದಿನಗಳನ್ನು ಹಂಚುತ್ತದೆ.

ಇನ್ನು ಊರಿನ ಆಸ್ತಿ. ನೀವಿರುವ ಮನೆಯನ್ನು ಫಾಫ್ಸಾ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಆದರೆ ಮೈಸೂರಿನಲ್ಲೋ ಬೆಂಗಳೂರಿನಲ್ಲೋ ನಿಮ್ಮ ಹೆಸರಿನಲ್ಲಿರುವ ಸೈಟು, ಬಾಡಿಗೆಗೆ ಕೊಟ್ಟ ಫ್ಲಾಟು, ಬ್ಯಾಂಕಿನ ಠೇವಣಿ ಇವೆಲ್ಲ ಆಸ್ತಿಯೇ. ಆಸ್ತಿ ವಿವರ ಕೇಳಿದ ಕಡೆ ಡಾಲರ್‌ಗೆ ಪರಿವರ್ತಿಸಿ ತೋರಿಸಲೇಬೇಕು. ತಂದೆ ತಾಯಿಯ ಆಸ್ತಿಯಲ್ಲಿ ಗರಿಷ್ಠ ಶೇ 5.64ರಷ್ಟನ್ನು ಸೂತ್ರ ಕಾಲೇಜಿಗೆ ಲಭ್ಯವೆಂದು ಎಣಿಸುತ್ತದೆ. ಮಗುವಿನ ಹೆಸರಿನಲ್ಲಿದ್ದರೆ ಶೇ 20. ಅಜ್ಜ ಪ್ರೀತಿಯಿಂದ ಮೊಮ್ಮಗಳ ಖಾತೆಗೇ ಹಣ ಹಾಕುವ ಮೊದಲು ಈ ವ್ಯತ್ಯಾಸ ತಿಳಿದಿರಲಿ.

ಊರಿನಿಂದ ಉಡುಗೊರೆಯಾಗಿ ಹಣ ಬರುವುದಾದರೆ, ಭಾರತದಲ್ಲಿ ನೆಲೆಸಿರುವ ಒಬ್ಬರು ಒಂದು ಆರ್ಥಿಕ ವರ್ಷದಲ್ಲಿ ಹೊರಕ್ಕೆ ಕಳುಹಿಸಬಹುದಾದ ಮಿತಿ 2,50,000 ಡಾಲರ್. ನೀವು ವಿದೇಶಿ ವ್ಯಕ್ತಿಗಳಿಂದ ವರ್ಷದಲ್ಲಿ 1,00,000 ಡಾಲರ್‌ಗಿಂತ ಹೆಚ್ಚು ಉಡುಗೊರೆ ಪಡೆದರೆ ಅಮೆರಿಕದ ತೆರಿಗೆ ಇಲಾಖೆಗೆ ಫಾರ್ಮ್ 3520 ಸಲ್ಲಿಸಬೇಕು. ತೆರಿಗೆ ಇಲ್ಲದಿದ್ದರೂ ಸಲ್ಲಿಸದಿದ್ದರೆ ದಂಡ ಭಾರಿ.

ನಿವೃತ್ತಿ ಹಣಕ್ಕೆ ಕೈಹಾಕಬೇಡಿ. ಐಆರ್‌ಎ ಎಂಬ ವೈಯಕ್ತಿಕ ನಿವೃತ್ತಿ ಖಾತೆಯಿಂದ ಶಿಕ್ಷಣಕ್ಕೆ ತೆಗೆದರೆ ಶೇ 10ರ ದಂಡವಿಲ್ಲ ಎಂಬುದು ನಿಜ. ಆದರೆ ಸಾಮಾನ್ಯ ಐಆರ್‌ಎಯಿಂದ ತೆಗೆದ ಹಣಕ್ಕೆ ಆದಾಯ ತೆರಿಗೆ ಇದೆ, ಮತ್ತು ಅದು ಆದಾಯವಾಗಿ ಮುಂದಿನ ಫಾಫ್ಸಾದಲ್ಲಿ ಕಾಣಿಸಿಕೊಂಡು ನೆರವನ್ನು ಕಡಿಮೆ ಮಾಡಬಹುದು.

ಹಂತ 7: ಮಗುವಿನ ಹೆಸರಿನ ಫೆಡರಲ್ ಸಾಲ

"ಮಗಳ ತಲೆಯ ಮೇಲೆ ಸಾಲ ಹೊರಿಸುವುದಿಲ್ಲ, ನಾವೇ ತೆಗೆದುಕೊಳ್ಳುತ್ತೇವೆ" ಎನ್ನುವ ತಂದೆ ತಾಯಿಯ ಮನಸ್ಸು ದೊಡ್ಡದು. ಆದರೆ ಲೆಕ್ಕ ಅದಕ್ಕೆ ಒಪ್ಪುವುದಿಲ್ಲ. ಸಾಲ ಬೇಕೇ ಬೇಕು ಎಂದಾದರೆ ಮೊದಲು ಇದು.

ಪೂರ್ಣಾವಧಿ ವಿದ್ಯಾರ್ಥಿಗೆ ಮೊದಲ ವರ್ಷ 5,500 ಡಾಲರ್, ಎರಡನೆಯ ವರ್ಷ 6,500, ಮೂರು ಮತ್ತು ನಾಲ್ಕನೆಯ ವರ್ಷ ತಲಾ 7,500. ಒಟ್ಟು ಮಿತಿ 31,000. 2025-26ರಲ್ಲಿ ಪಡೆದ ಸಾಲದ ಬಡ್ಡಿ ಶೇ 6.39, ತೀರುವವರೆಗೂ ಬದಲಾಗದು. ಸಹಿ ಹಾಕುವ ಜಾಮೀನುದಾರ ಬೇಕಿಲ್ಲ. ಸಬ್ಸಿಡಿ ಭಾಗಕ್ಕೆ ಓದುವಾಗ ಬಡ್ಡಿಯನ್ನು ಸರ್ಕಾರವೇ ಭರಿಸುತ್ತದೆ. ಉಳಿದ ಭಾಗಕ್ಕೆ ಮೊದಲ ದಿನದಿಂದಲೇ ಬಡ್ಡಿ ಬೆಳೆಯುತ್ತದೆ. ಆ ಬಡ್ಡಿಯನ್ನಷ್ಟಾದರೂ ತಿಂಗಳು ತಿಂಗಳು ಕಟ್ಟುತ್ತ ಹೋದರೆ ಮಗುವಿಗೆ ನೀವು ಮಾಡುವ ನಿಜವಾದ ಸಹಾಯ ಅದೇ.

ಈಗ ಮಾದರಿ ಮನೆಗೆ ಮರಳೋಣ. ಮೊದಲ ವರ್ಷದ 33,000ಕ್ಕೆ: ಸಂಬಳದಿಂದ ತಿಂಗಳಿಗೆ 1,200ರಂತೆ ಹತ್ತು ಕಂತು 12,000; 529ರಲ್ಲಿರುವ 40,000ದ ಕಾಲು ಭಾಗ 10,000; ಮಗಳ ಬೇಸಿಗೆ ಮತ್ತು ಕ್ಯಾಂಪಸ್ ಕೆಲಸ 4,000; ಊಟದ ಯೋಜನೆ, ಪ್ರಯಾಣದಲ್ಲಿ ಉಳಿಸಿದ್ದು 1,500; ಮಗಳ ಸಾಲ 5,500. ಸರಿಯಾಗಿ 33,000. ಪೇರೆಂಟ್ ಪ್ಲಸ್ ಮುಟ್ಟಲೇ ಇಲ್ಲ. ಇದೇ ಪ್ರಯತ್ನ ಮುಂದುವರಿಸಿದರೆ ಎರಡನೆಯ ವರ್ಷ 1,440, ಮೂರನೆಯ ವರ್ಷ 2,978, ನಾಲ್ಕನೆಯ ವರ್ಷ 5,617 ಕಡಿಮೆ ಬೀಳುತ್ತದೆ. ಒಟ್ಟು 10,035. ಪತ್ರ ತೋರಿಸಿದ್ದಂತೆ ವರ್ಷಕ್ಕೆ ಇಪ್ಪತ್ತು ಸಾವಿರ ಸಾಲ ಮಾಡುವುದಕ್ಕೂ, ನಾಲ್ಕು ವರ್ಷಕ್ಕೆ ಸೇರಿ ಹತ್ತು ಸಾವಿರಕ್ಕೆ ದಾರಿ ಹುಡುಕುವುದಕ್ಕೂ ಎಷ್ಟು ಅಂತರ ನೋಡಿ. ಒಂದು ಆರ್‌ಎ ಕೆಲಸ ಈ ಹತ್ತು ಸಾವಿರವನ್ನು ನುಂಗಿಬಿಡಬಲ್ಲದು.

ಹಂತ 8: ತಂದೆ ತಾಯಿಯ ಸಾಲ, ಖಾಸಗಿ ಸಾಲ

ಇನ್ನೂ ಉಳಿದ ಮೊತ್ತಕ್ಕೆ ಮಾತ್ರ ಈ ಹಂತ. ಪೇರೆಂಟ್ ಪ್ಲಸ್ ಸಾಲದ ಬಡ್ಡಿ 2025-26ರಲ್ಲಿ ಶೇ 8.94. ಜೊತೆಗೆ ಶೇ 4.228ರ ಶುಲ್ಕವನ್ನು ಮೊದಲೇ ಮುರಿದುಕೊಳ್ಳುತ್ತಾರೆ. 20,000 ಡಾಲರ್ ಸಾಲ ಪಡೆದರೆ ಕಾಲೇಜಿಗೆ ತಲುಪುವುದು ಸುಮಾರು 19,154. ಹತ್ತು ವರ್ಷದಲ್ಲಿ ತೀರಿಸಲು ತಿಂಗಳಿಗೆ ಸುಮಾರು 253, ಒಟ್ಟು ಮೂವತ್ತು ಸಾವಿರಕ್ಕೂ ಹೆಚ್ಚು. ಇದು ಒಂದು ವರ್ಷದ ಸಾಲ. ನಾಲ್ಕು ವರ್ಷ ಹೀಗೇ ತೆಗೆದರೆ ಕಂತುಗಳು ಒಂದರ ಮೇಲೊಂದು ಕೂರುತ್ತವೆ.

2026ರ ಜುಲೈ 1ರಿಂದ ಹೊಸದಾಗಿ ಪಡೆಯುವವರಿಗೆ ಒಬ್ಬ ವಿದ್ಯಾರ್ಥಿಗೆ ವರ್ಷಕ್ಕೆ 20,000, ಒಟ್ಟಾರೆ 65,000 ಡಾಲರ್ ಎಂಬ ಮಿತಿ ಬಂದಿದೆ. ನಾಲ್ಕು ವರ್ಷ ತಲಾ 20,000 ಎಂದರೆ 80,000. ಅಂದರೆ ಕೊನೆಯ ವರ್ಷ ಈ ಬಾಗಿಲು ಮುಕ್ಕಾಲು ಮುಚ್ಚಿರುತ್ತದೆ. ಅದೇ ದಿನದಿಂದ ಈ ಹೊಸ ಸಾಲಗಳಿಗೆ ಆದಾಯಕ್ಕೆ ತಕ್ಕಂತೆ ಕಂತು ಕಟ್ಟುವ ಸೌಲಭ್ಯವೂ ಇಲ್ಲ. ಕೆಲಸ ಹೋದರೆ ಕಂತು ಇಳಿಯುವುದಿಲ್ಲ.

ಕ್ರೆಡಿಟ್ ದಾಖಲೆಯ (ಸಾಲ ತೀರಿಸಿದ ಇತಿಹಾಸ) ಕಾರಣ ಪೇರೆಂಟ್ ಪ್ಲಸ್ ತಿರಸ್ಕಾರವಾದರೆ ಕುಗ್ಗಬೇಡಿ. ವಿದ್ಯಾರ್ಥಿಗೆ ಮೊದಲೆರಡು ವರ್ಷ ತಲಾ 4,000, ಆಮೇಲೆ ತಲಾ 5,000 ಡಾಲರ್ ಹೆಚ್ಚುವರಿ ಫೆಡರಲ್ ಸಾಲ ಸಿಗುತ್ತದೆ. ಆ ತಿರಸ್ಕಾರವನ್ನು ನೆರವು ಕಚೇರಿಗೆ ತೋರಿಸಿ ಕೇಳಬೇಕು.

ಖಾಸಗಿ ಸಾಲಕ್ಕೆ ಹೋಗುವ ಮುನ್ನ ಮೂರ್ನಾಲ್ಕು ಕಡೆ ದರ ತರಿಸಿ, ಬದಲಾಗದ ಬಡ್ಡಿಯದನ್ನೇ ಆರಿಸಿ. ಜಾಹೀರಾತಿನಲ್ಲಿ ಕಾಣುವ ಕನಿಷ್ಠ ದರ ಅತ್ಯುತ್ತಮ ಕ್ರೆಡಿಟ್ ಇರುವವರಿಗೆ. ಜಾಮೀನಾಗಿ ಸಹಿ ಹಾಕಿದವರು ಮಗುವಿನಷ್ಟೇ ಹೊಣೆಗಾರರು. ಎಚ್-4 ವಿದ್ಯಾರ್ಥಿಗೆ ಪೌರತ್ವ ಅಥವಾ ಗ್ರೀನ್ ಕಾರ್ಡ್ ಇರುವವರ ಸಹಿಯನ್ನು ಕೇಳುವುದು ಸಾಮಾನ್ಯ. ಬಂಧುವನ್ನೋ ಸ್ನೇಹಿತರನ್ನೋ ಸಹಿಗೆ ಕೇಳುವ ಮೊದಲು, ನೀವು ಕಟ್ಟದಿದ್ದರೆ ಅವರ ಕ್ರೆಡಿಟ್ಟೇ ಹಾಳಾಗುತ್ತದೆ ಎಂಬುದನ್ನು ಅವರಿಗೆ ಬಿಡಿಸಿ ಹೇಳಿ.

ಹಂತ 9: ಆದರೂ ಹೊಂದದಿದ್ದರೆ

ನಾಲ್ಕು ವರ್ಷದ ಹಾಳೆಯಲ್ಲಿ ಮಗುವಿನ ಫೆಡರಲ್ ಸಾಲದ ಮಿತಿಯೂ ಮುಗಿದು, ನಿಮ್ಮ ಸಾಲವೂ ನಿವೃತ್ತಿಯವರೆಗೆ ಚಾಚಿಕೊಂಡಿದ್ದರೆ ಆ ಕಾಲೇಜು ಬೇಡವೆಂದು ಹೇಳುವ ಸಮಯ ಮೇ 1ಕ್ಕಿಂತ ಮೊದಲು. ರಾಜ್ಯದ ಸಾರ್ವಜನಿಕ ವಿಶ್ವವಿದ್ಯಾಲಯ, ಮನೆಯಿಂದ ಓಡಾಡುವ ಕಾಲೇಜು, ಎರಡು ವರ್ಷ ಸಮುದಾಯ ಕಾಲೇಜಿನಲ್ಲಿ ಓದಿ ವರ್ಗಾವಣೆ: ಈ ದಾರಿಗಳನ್ನು ಅದೇ ಹಾಳೆಯ ಪಕ್ಕದ ಕಾಲಮ್ಮಿನಲ್ಲಿ ಬರೆದು ಮಗುವಿನ ಮುಂದಿಡಿ. ಮುಚ್ಚಿಟ್ಟು ನಗುತ್ತಿರಬೇಡಿ. ಹದಿನೆಂಟರ ಮಕ್ಕಳಿಗೆ ಅಂಕಿ ಅರ್ಥವಾಗುತ್ತದೆ, ಅನೇಕ ಬಾರಿ ನಮಗಿಂತ ಬೇಗ.

ಆಗಸ್ಟ್‌ಗೆ ಮುನ್ನ ಕೊನೆಯ ತಪಾಸಣೆ

ಲೆಕ್ಕವೆಲ್ಲ ಸರಿಯಿದ್ದೂ ಕೊನೆಯ ಗಳಿಗೆಯಲ್ಲಿ ಮುಗ್ಗರಿಸುವುದು ಇಲ್ಲಿ. ಪೋರ್ಟಲ್‌ನಲ್ಲಿ ಫೆಡರಲ್ ಸಾಲಕ್ಕೆ ಒಪ್ಪಿಗೆ ಕೊಟ್ಟರೆ ಸಾಲದು. ಮಗು ತನ್ನ ಖಾತೆಯಿಂದ ಸಾಲಪತ್ರಕ್ಕೆ ಸಹಿ ಹಾಕಿ, ಸಾಲ ಪಡೆಯುವವರಿಗೆಂದೇ ಇರುವ ಪ್ರವೇಶ ಸಲಹಾ ಪಾಠವನ್ನೂ ಮುಗಿಸಬೇಕು. ಎರಡರಲ್ಲಿ ಒಂದು ಬಾಕಿಯಿದ್ದರೂ ಹಣ ಬರುವುದಿಲ್ಲ, ವಿಳಂಬ ಶುಲ್ಕ ಬೀಳುತ್ತದೆ, ಕೆಲವೆಡೆ ತರಗತಿಯ ನೋಂದಣಿಯೇ ರದ್ದಾಗುತ್ತದೆ. ವಿಮೆಯ ವಿನಾಯಿತಿಗೆ ಒಪ್ಪಿಗೆ ಬಂದಿದೆಯೇ, ಕಂತು ಯೋಜನೆಯ ಮೊದಲ ಕಂತು ಹೋಗಿದೆಯೇ, 529 ಹಣ ಕಾಲೇಜಿಗೆ ತಲುಪಿದೆಯೇ ನೋಡಿ. ಅದು ತಲುಪಲು ವಾರಗಳೇ ಹಿಡಿಯಬಹುದು.

ಸೆಮಿಸ್ಟರ್ ಮಧ್ಯೆ ಒಂದು ವಿಷಯ ಕೈಬಿಡಲು ಮಗ ಯೋಚಿಸಿದರೆ, ಬಿಡುವ ಮೊದಲು ನೆರವು ಕಚೇರಿಗೆ ಹೋಗಿ ಬರಲಿ. ಪೂರ್ಣಾವಧಿಗಿಂತ ಕೆಳಗಿಳಿದರೆ ಸ್ಕಾಲರ್‌ಶಿಪ್ ನಿಲ್ಲಬಹುದು, 2026ರ ಜುಲೈನಿಂದ ಫೆಡರಲ್ ಸಾಲದ ಮಿತಿಯೂ ಅದಕ್ಕೆ ತಕ್ಕಂತೆ ಕುಗ್ಗುತ್ತದೆ. ಅಕ್ಟೋಬರ್‌ನಲ್ಲಿ ಮುಂದಿನ ವರ್ಷದ ಫಾಫ್ಸಾ ತೆರೆಯುತ್ತಿದ್ದಂತೆ ಮತ್ತೆ ತುಂಬಿ, ಸ್ಪ್ರೆಡ್‌ಶೀಟ್‌ನ ಎರಡನೆಯ ಕಾಲಮ್ಮಿನಲ್ಲಿ ಅಂದಾಜಿನ ಜಾಗಕ್ಕೆ ನಿಜವಾದ ಅಂಕಿಗಳನ್ನು ಬರೆಯಿರಿ.